ಶಿಲೀಂಧ್ರಗಳಿಗೆ ಹೆಸರು ಹುಡುಕುವ ಕೆಲಸವನ್ನು ನಂಬಿ ಮಗಳನ್ನು ಓದಿಸಬಹುದೇ?

ತೋಟದಮನೆ, ಕಾರ್ಕಳ:

ಎಲ್ಲರಿಗೂ ನಮಸ್ಕಾರ. ನಾನು ಕಾರ್ಕಳ ತಾಲೂಕಿನ ಒಬ್ಬ ಅಡಿಕೆ ಕೃಷಿಕ. ಮಗಳು ಮಂಗಳೂರಿನ ಕಾಲೇಜೊಂದರಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ. ಸಸ್ಯಶಾಸ್ತ್ರ ಮತ್ತು ಸೂಕ್ಷ್ಮಜೀವಶಾಸ್ತ್ರ ಅವಳ ವಿಷಯಗಳು. ಕಳೆದ ಮಳೆಗಾಲದಿಂದ ಅವಳಿಗೆ ಅಣಬೆಯ ಹುಚ್ಚು ಹಿಡಿದಿದೆ. ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿ, ಗಾಳಿಗೆ ಬಿದ್ದ ಅಡಿಕೆ ಮರದ ಬೊಡ್ಡೆ, ಬಚ್ಚಲು ಒಲೆಯ ಪಕ್ಕದ ಕಟ್ಟಿಗೆ ರಾಶಿ, ಎಲ್ಲಿ ಏನು ಎದ್ದರೂ ಕಾಗದದಲ್ಲಿ ಸುತ್ತಿ ತಂದು, ಅದರ ಕೊಡೆಯನ್ನು ಗಾಜಿನ ತುಂಡಿನ ಮೇಲೆ ಇಟ್ಟು, ಮರುದಿನ ಅದು ಉದುರಿಸಿದ ಪುಡಿಯ ಬಣ್ಣವನ್ನು ಪುಸ್ತಕದಲ್ಲಿ ಬರೆದಿಡುತ್ತಾಳೆ. ಎಂಎಸ್ಸಿ ಮುಗಿಸಿ ಶಿಲೀಂಧ್ರಗಳ ವರ್ಗೀಕರಣದಲ್ಲಿಯೇ ಪಿಎಚ್‌ಡಿ ಮಾಡುತ್ತೇನೆ, ಅವುಗಳನ್ನು ಗುರುತಿಸಿ ಪಟ್ಟಿ ಮಾಡುವುದೇ ನನ್ನ ಕೆಲಸ ಎಂದು ಈಗ ಹೇಳುತ್ತಿದ್ದಾಳೆ.

ಮಹಾಳಿ, ಅಂದರೆ ಅಡಿಕೆಯ ಕೊಳೆರೋಗ, ಬಂದು ಒಂದೇ ಮಳೆಗಾಲದಲ್ಲಿ ಅರ್ಧ ಫಸಲು ಬುಡಕ್ಕೆ ಉದುರಿದ್ದನ್ನು ಕಂಡವನು ನಾನು. ಆದುದರಿಂದ ಬೂಷ್ಟು ಎಂದರೆ ಕ್ಷುಲ್ಲಕ ಸಂಗತಿ ಎಂಬ ಭಾವನೆ ನನಗಿಲ್ಲ. ಆದರೆ ರೋಗಕ್ಕೆ ಮದ್ದು ಹುಡುಕುವುದು ಒಂದು ಕೆಲಸ, ರೋಗಾಣುವಿಗೆ ಹೆಸರು ಹುಡುಕುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಸಂಬಳ ಕೊಡುವವರು ಯಾರು, ಅಂಥ ಹುದ್ದೆ ಎಲ್ಲಿದೆ, ಅದಕ್ಕೆ ಎಷ್ಟು ವರ್ಷ ಓದಬೇಕು ಎಂಬುದು ನನಗೆ ತಿಳಿಯದು. ನೆಂಟರಿಷ್ಟರು ಬಿಎಡ್ ಮಾಡಿಸಿ ಎನ್ನುತ್ತಾರೆ. ಈ ಕ್ಷೇತ್ರವನ್ನು ಒಳಗಿನಿಂದ ಬಲ್ಲವರು ಇದ್ದದ್ದನ್ನು ಇದ್ದ ಹಾಗೆ ತಿಳಿಸಿದರೆ ಉಪಕಾರವಾಗುತ್ತದೆ.


ಹಳೆಯ ಮಾಸ್ಟ್ರು, ಉಡುಪಿ:

ತೋಟದಮನೆಯವರೇ, ನೀವು ಮಹಾಳಿಯ ಹೆಸರೆತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ನಮ್ಮ ಕಡೆ ಶಿಲೀಂಧ್ರತಜ್ಞ ಎಂಬ ಹುದ್ದೆಗೆ ಬೆಲೆ ಬಂದ ಕಥೆಯಲ್ಲಿ ಅಡಿಕೆಗೆ ದೊಡ್ಡ ಪಾಲಿದೆ. ಮೈಸೂರು ಸಂಸ್ಥಾನವು 1908ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರನ್ನು ಶಿಲೀಂಧ್ರತಜ್ಞ ಮತ್ತು ಕೀಟತಜ್ಞರೆಂದು ನೇಮಿಸಿಕೊಂಡಿತು. ಮಲೆನಾಡಿನ ಬೆಳೆಗಾರರು ಆಗ ಅಡಿಕೆ ಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳುತ್ತಿದ್ದರು. ಕೋಲ್ಮನ್ ಅವರು ಕೊಳೆರೋಗದ ಜೀವಿಯನ್ನು ಬೇರ್ಪಡಿಸಿ, ಅದು ಮಳೆನೀರಿನಲ್ಲಿ ಹೇಗೆ ಹರಡುತ್ತದೆ ಎಂಬುದನ್ನು ನೋಡಿ, 1910ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರನ್ನೂ ಕೊಟ್ಟರು. ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗೆ ಬಿಡುವ ಕ್ರಮವನ್ನು ಬೆಳೆಗಾರರಿಗೆ ಕಲಿಸಿದವರೂ ಅವರೇ. ಹೆಸರು ಹುಡುಕುವುದು ಬೇರೆ, ಮದ್ದು ಹುಡುಕುವುದು ಬೇರೆ ಎಂದು ನೀವು ಬರೆದಿದ್ದೀರಿ. ಕೋಲ್ಮನ್ ಅವರ ಮೇಜಿನ ಮೇಲೆ ಅವೆರಡೂ ಒಂದೇ ಕೆಲಸವಾಗಿದ್ದವು.

ಇದರಲ್ಲಿ ಒಂದು ತಮಾಷೆಯೂ ಇದೆ. ಮಹಾಳಿಯನ್ನು ತರುವ ಫೈಟೊಫ್ತೊರಾ ಈಗಿನ ವರ್ಗೀಕರಣದಲ್ಲಿ ಶಿಲೀಂಧ್ರವೇ ಅಲ್ಲ. ಅದರ ಕೋಶಭಿತ್ತಿಯಲ್ಲಿ ಶಿಲೀಂಧ್ರಗಳಲ್ಲಿರುವ ಕೈಟಿನ್‌ನ ಬದಲು ಸೆಲ್ಯುಲೋಸ್ ಇದೆ, ಅದರ ಈಜುವ ಬೀಜಕಗಳಿಗೆ ಎರಡು ಬಾಲಗಳಿವೆ, ಅದರ ನೆಂಟರು ಕಡಲಿನ ಕಂದು ಪಾಚಿಗಳು. ಹಾಗಿದ್ದರೂ ಅದನ್ನು ಅಭ್ಯಾಸ ಮಾಡುವವರು ಇಂದಿಗೂ ಶಿಲೀಂಧ್ರಶಾಸ್ತ್ರದವರೇ. ನಿಮ್ಮ ಮಗಳು ಈ ವಿಷಯಕ್ಕೆ ಬಂದರೆ ಇಂಥ ಗಡಿಜಗಳಗಳು ಅವಳಿಗೆ ನಿತ್ಯದ ಊಟವಾಗುತ್ತವೆ.

ಪಟ್ಟಿ ಮಾಡುವುದು ಎಂದರೆ ಕಂಡದ್ದನ್ನು ಬರೆದಿಡುವುದಷ್ಟೇ ಅಲ್ಲ. ಕೈಯಲ್ಲಿರುವ ಮಾದರಿಗೆ ಹಿಂದೆ ಯಾರಾದರೂ ಹೆಸರಿಟ್ಟಿದ್ದಾರೆಯೇ ಎಂದು ನೋಡುವುದರಲ್ಲಿಯೇ ಹೆಚ್ಚಿನ ಆಯುಷ್ಯ ಕಳೆಯುತ್ತದೆ. ನೂರೈವತ್ತು ವರ್ಷಗಳ ಹಿಂದೆ ಯೂರೋಪಿನಲ್ಲಿ ಲ್ಯಾಟಿನ್ ಭಾಷೆಯ ನಾಲ್ಕು ಸಾಲಿನಲ್ಲಿ ಯಾರೋ ವರ್ಣಿಸಿದ ಪ್ರಭೇದವೂ ನಮ್ಮ ತೋಟದಲ್ಲಿ ಎದ್ದದ್ದೂ ಒಂದೇ ಅಹುದೇ ಎಂದು ನಿರ್ಣಯಿಸಬೇಕಾದರೆ, ಆ ಹೆಸರಿಗೆ ಆಧಾರವಾಗಿ ಕಾದಿರಿಸಿದ ಮೂಲ ಮಾದರಿಯನ್ನು ಹುಡುಕಿ ಹೋಲಿಸಬೇಕು. ಲಂಡನ್ನಿನ ಕ್ಯೂ ಎಂಬ ಸಸ್ಯತೋಟದ ಸಂಗ್ರಹವೊಂದರಲ್ಲಿಯೇ ಹನ್ನೆರಡು ಲಕ್ಷಕ್ಕೂ ಹೆಚ್ಚು ಒಣಗಿದ ಶಿಲೀಂಧ್ರ ಮಾದರಿಗಳಿವೆ. ನಮ್ಮ ದೇಶದಲ್ಲಿ ಶಿಲೀಂಧ್ರತಜ್ಞ ಬಟ್ಲರ್ ಅವರು ಬಿಹಾರದ ಪೂಸಾದಲ್ಲಿ ಆರಂಭಿಸಿದ ಸಂಗ್ರಹ ಈಗ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದೆ, ಪುಣೆಯ ಅಗರ್ಕರ್ ಸಂಸ್ಥೆಯಲ್ಲಿ ಅಜ್ರೇಕರ್ ಅವರ ಹೆಸರಿನ ಹರ್ಬೇರಿಯಂ (ಒಣಗಿದ ಮಾದರಿಗಳ ಸಂಗ್ರಹ) ಮತ್ತು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಂತ ಕಲ್ಚರ್‌ಗಳ ರಾಷ್ಟ್ರೀಯ ಸಂಗ್ರಹ ಎರಡೂ ಇವೆ. ಲೋಕದಲ್ಲಿ ಇದುವರೆಗೆ ಹೆಸರು ಪಡೆದಿರುವ ಶಿಲೀಂಧ್ರ ಪ್ರಭೇದಗಳು ಸುಮಾರು ಒಂದೂವರೆ ಲಕ್ಷ. ಇರಬಹುದಾದವು 22 ಲಕ್ಷದಿಂದ 38 ಲಕ್ಷ ಎಂದು 2017ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಅಂದರೆ ಕೆಲಸಕ್ಕೆ ಬರಗಾಲವಿಲ್ಲ, ಹುದ್ದೆಗೆ ಬರಗಾಲವಿದೆ.

ಹೆಸರು ತಪ್ಪಿದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾನು ತರಗತಿಯಲ್ಲಿ ಪೆನಿಸಿಲಿನ್ ಕಥೆ ಹೇಳುತ್ತಿದ್ದೆ. 1928ರಲ್ಲಿ ಫ್ಲೆಮಿಂಗ್ ಅವರ ತಟ್ಟೆಯಲ್ಲಿ ಬೆಳೆದ ಬೂಷ್ಟನ್ನು ಮೊದಲು ಪೆನಿಸಿಲಿಯಂ ರೂಬ್ರಮ್ ಎಂದು ತಿಳಿಯಲಾಯಿತು. ಅದು ನೊಟೇಟಮ್ ಎಂದು ಅಮೆರಿಕದ ಚಾರ್ಲ್ಸ್ ಥಾಮ್ ತಿದ್ದಿದರು. 2011ರಲ್ಲಿ ಡಿಎನ್ಎ ನೋಡಿದವರು ಅದು ರೂಬೆನ್ಸ್ ಎಂದರು. ಜಗತ್ತಿನ ಅತ್ಯಂತ ಪ್ರಸಿದ್ಧ ಬೂಷ್ಟಿಗೆ ಸರಿಯಾದ ಹೆಸರು ಸಿಗಲು 83 ವರ್ಷ ಬೇಕಾಯಿತು. ರೂಬ್ರಮ್ ಎಂಬ ಹೆಸರನ್ನು ನಂಬಿ ಬೇರೆ ಸಂಗ್ರಹದಿಂದ ಅದೇ ಹೆಸರಿನ ಬೂಷ್ಟನ್ನು ತರಿಸಿಕೊಂಡವನಿಗೆ ಪೆನಿಸಿಲಿನ್ ಸಿಗುತ್ತಿತ್ತು ಎಂಬ ಭರವಸೆಯೇನೂ ಇರಲಿಲ್ಲ.

ದಾರಿಯ ವಿಷಯ. ಇಂದು ಸಂಬಳದ ಪಟ್ಟಿಯಲ್ಲಿ ಶಿಲೀಂಧ್ರ ವರ್ಗೀಕರಣತಜ್ಞ ಎಂಬ ಹೆಸರು ಇಲ್ಲವೆಂದೇ ತಿಳಿಯಿರಿ. ಅವರು ಸಸ್ಯಶಾಸ್ತ್ರದ ಸಹಾಯಕ ಪ್ರಾಧ್ಯಾಪಕರಾಗಿಯೋ, ಕೃಷಿ ಸಂಸ್ಥೆಗಳಲ್ಲಿ ಸಸ್ಯರೋಗತಜ್ಞರಾಗಿಯೋ, ಭಾರತೀಯ ಸಸ್ಯ ಸರ್ವೇಕ್ಷಣಾಲಯದಲ್ಲಿ ವಿಜ್ಞಾನಿಗಳಾಗಿಯೋ ಇರುತ್ತಾರೆ. ಮದ್ರಾಸಿನ ಸಿ. ವಿ. ಸುಬ್ರಮಣಿಯನ್ ಅಧ್ಯಾಪಕರಾಗಿದ್ದುಕೊಂಡೇ ಲೋಕ ಮೆಚ್ಚುವ ಕೆಲಸ ಮಾಡಿದರು. ಬೆಂಗಳೂರಿನಲ್ಲಿ ಗಿಡಗಳಿಗೆ ತುಕ್ಕು ರೋಗ ಮತ್ತು ಕಾಡಿಗೆ ರೋಗ ತರುವ ಶಿಲೀಂಧ್ರಗಳನ್ನು ವರ್ಗೀಕರಿಸಿದ ಎಂ. ಜೆ. ತಿರುಮಲಾಚಾರ್ ಆಮೇಲೆ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸೇರಿ ಹಮೈಸಿನ್ ಎಂಬ ಔಷಧವನ್ನು ಕಂಡುಹಿಡಿಯುವುದರಲ್ಲಿ ಮುಖ್ಯರಾದರು. ದೂರ ಹೋಗುವುದೇಕೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕೆ. ಎಂ. ಕಾವೇರಿಯಪ್ಪ ಮತ್ತು ಕೆ. ಆರ್. ಶ್ರೀಧರ್ ಅವರು ಪಶ್ಚಿಮ ಘಟ್ಟದ ತೊರೆಗಳ ಶಿಲೀಂಧ್ರಗಳ ಮೇಲೆ ದಶಕಗಳ ಕಾಲ ಮಾಡಿದ ಕೆಲಸವನ್ನು ಹೊರದೇಶದವರೂ ಉಲ್ಲೇಖಿಸುತ್ತಾರೆ. ಮಗಳನ್ನು ಓದಿಸಿ.


ತೋಡಿನ ನೊರೆ, ಮಂಗಳೂರು:

ಮಾಸ್ಟ್ರ ಮಾತಿನಲ್ಲಿ ತಪ್ಪಿಲ್ಲ. ಆದರೆ ಅವರು ಗೆದ್ದವರ ಹೆಸರುಗಳನ್ನು ಹೇಳಿದ್ದಾರೆ. ನಾನು ಇದೇ ವಿಷಯದಲ್ಲಿ ಪಿಎಚ್‌ಡಿ ಮುಗಿಸಿ ಈಗ ಬೇರೆ ಕೆಲಸದಲ್ಲಿರುವವಳು. ಆದುದರಿಂದ ಇನ್ನೊಂದು ಮಗ್ಗುಲನ್ನೂ ಬರೆಯುತ್ತೇನೆ.

ಮೊದಲು ಹಣದ ಮಾತು. ಸಿಎಸ್ಐಆರ್ ಅಥವಾ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ದೊರೆತರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ 42,000 ರೂಪಾಯಿ ಸಿಗುತ್ತದೆ. ಅದು ದೊರೆಯದಿದ್ದರೆ ಮಾರ್ಗದರ್ಶಕರ ಯೋಜನೆಯ ಹಣವನ್ನು ಅವಲಂಬಿಸಬೇಕು, ಮತ್ತು ಯೋಜನೆ ಮುಗಿದ ತಿಂಗಳೇ ಆ ಹಣವೂ ಮುಗಿಯುತ್ತದೆ. ಖಾಯಂ ಸಹಾಯಕ ಪ್ರಾಧ್ಯಾಪಕರಾದರೆ, ಅಥವಾ ಐಸಿಎಆರ್‌ನ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ) ಪರೀಕ್ಷೆ ಬರೆದು ವಿಜ್ಞಾನಿಯಾದರೆ, ಏಳನೆಯ ವೇತನ ಆಯೋಗದ ಪ್ರಕಾರ ಆರಂಭದ ಮೂಲ ವೇತನ 57,700 ರೂಪಾಯಿ. ಈ ಎರಡು ಮೆಟ್ಟಿಲುಗಳ ನಡುವೆ ಅತಿಥಿ ಉಪನ್ಯಾಸಕರಾಗಿ ಕಳೆಯುವ ವರ್ಷಗಳು ಎಷ್ಟು ಎಂದು ಯಾರೂ ಹೇಳಲಾರರು. ನಾನು ನಾಲ್ಕು ವರ್ಷ ಕಳೆದೆ. ಒಂದು ಸಂದರ್ಶನದಲ್ಲಿ ನನ್ನ ಪ್ರಬಂಧಗಳ ಪಟ್ಟಿಯನ್ನು ನೋಡಿದ ಹಿರಿಯರೊಬ್ಬರು, ಇವುಗಳನ್ನು ಯಾರು ಓದುತ್ತಾರಮ್ಮ ಎಂದು ಕೇಳಿದ್ದರು. ಅವರ ಪ್ರಶ್ನೆ ಒರಟಾಗಿದ್ದರೂ ಅದರ ಹಿಂದೆ ಒಂದು ಲೆಕ್ಕವಿತ್ತು: ಹೊಸ ಪ್ರಭೇದದ ವರ್ಣನೆಯನ್ನು ಬೇರೆಯವರು ಉಲ್ಲೇಖಿಸುವುದು ವಿರಳ, ಮತ್ತು ಹುದ್ದೆ, ಬಡ್ತಿಗಳಿಗೆ ಉಲ್ಲೇಖದ ಸಂಖ್ಯೆಯನ್ನೇ ಅಳತೆಗೋಲು ಮಾಡಿಕೊಂಡಿದ್ದೇವೆ. ಪ್ರಭೇದದ ಹೆಸರನ್ನು ದಿನವೂ ಬಳಸುವ ವೈದ್ಯರಾಗಲಿ ಸಸ್ಯರೋಗತಜ್ಞರಾಗಲಿ ಆ ಹೆಸರನ್ನು ಕೊಟ್ಟವರ ಪ್ರಬಂಧವನ್ನು ತಮ್ಮ ಪಟ್ಟಿಗೆ ಸೇರಿಸುವ ರೂಢಿಯೇ ಇಲ್ಲ.

ಇನ್ನು ಕೆಲಸ. ನನ್ನದು ತೋಡುಗಳ, ಅಂದರೆ ಸಣ್ಣ ತೊರೆಗಳ, ಶಿಲೀಂಧ್ರಗಳು. ಮಳೆಗಾಲದಲ್ಲಿ ಘಟ್ಟದ ಬುಡದ ತೋಡಿನಲ್ಲಿ ನೀರು ಕಲ್ಲಿಗೆ ಬಡಿದು ಮೂಲೆಯಲ್ಲಿ ನಿಲ್ಲಿಸುವ ಬಿಳಿ ನೊರೆಯನ್ನು ನೀವು ಕಂಡಿರುತ್ತೀರಿ. ಆ ನೊರೆಯ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ನಾಲ್ಕು ಕೈಗಳ ನಕ್ಷತ್ರಗಳು, ಕುಡುಗೋಲಿನಂತೆ ಬಾಗಿದ ಎಳೆಗಳು, ಕವಲೊಡೆದ ಕಡ್ಡಿಗಳು ಕಾಣುತ್ತವೆ. ಇವೆಲ್ಲ ನೀರಿಗೆ ಬಿದ್ದ ತರಗೆಲೆಯನ್ನು ಕೊಳೆಯಿಸುವ ಶಿಲೀಂಧ್ರಗಳ ಬೀಜಕಗಳು. ಇಂಗ್ಲೆಂಡಿನ ಇಂಗೋಲ್ಡ್ ಅವರು 1942ರಲ್ಲಿ ಇವುಗಳನ್ನು ವಿವರಿಸುವ ತನಕ ಇದೊಂದು ದೊಡ್ಡ ಗುಂಪು ಎಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ತರಗೆಲೆಯನ್ನು ಅವು ಮೆದುವಾಗಿಸದಿದ್ದರೆ ನೀರಿನ ಹುಳಗಳಿಗೆ ಅದು ರುಚಿಸದು, ಹುಳಗಳಿಲ್ಲದಿದ್ದರೆ ಮೀನಿಗೆ ತಿನಿಸು ಕಡಿಮೆಯಾಗುತ್ತದೆ. ಕೇಳಲು ಇದು ಸೊಗಸಾಗಿದೆ. ಆದರೆ ಬೆಳಗ್ಗೆ ನೊರೆ ತಂದರೆ ಸಂಜೆಯೊಳಗೆ ಬೀಜಕಗಳು ಮೊಳೆತು ಆಕಾರ ಕಳೆದುಕೊಳ್ಳುತ್ತವೆ. ಆದ್ದರಿಂದ ತೋಡಿನ ಬದಿಯಲ್ಲಿಯೇ ಫಾರ್ಮಲಿನ್ ಸೇರಿಸಿಡಬೇಕು, ಫಾರ್ಮಲಿನ್ ಸೇರಿಸಿದರೆ ಅವು ಸಾಯುವುದರಿಂದ ಕಲ್ಚರ್ ಮಾಡಲಾಗದು, ಹಾಗಾಗಿ ಇನ್ನೊಂದು ಪಾಲನ್ನು ಬೇರೆಯೇ ತಂದು ಒಂದೊಂದೇ ಬೀಜಕವನ್ನು ಸಪೂರ ಸೂಜಿಯಿಂದ ಎತ್ತಿ ಅಗಾರಿನ ಮೇಲೆ ಇಡಬೇಕು. ಹತ್ತರಲ್ಲಿ ಏಳು ತಟ್ಟೆಗಳಿಗೆ ಬ್ಯಾಕ್ಟೀರಿಯಾ ಹತ್ತುತ್ತದೆ. ಕತ್ತು ನೋವು ಬಂದು ಹೋಗುವ ಅತಿಥಿಯಲ್ಲ, ಮನೆಯವರಲ್ಲಿ ಒಬ್ಬರಾಗುತ್ತದೆ.

ಡಿಎನ್ಎ ಬಂದ ಮೇಲೆ ಇದೆಲ್ಲ ಬೇಡ ಎಂದು ಮಗಳಿಗೆ ಯಾರಾದರೂ ಹೇಳಿದರೆ ನಂಬಬಾರದು. ಐಟಿಎಸ್ ಎಂಬ ಡಿಎನ್ಎ ತುಣುಕನ್ನು 2012ರಲ್ಲಿ ಶಿಲೀಂಧ್ರಗಳ ಗುರುತಿನ ಸಾಮಾನ್ಯ ಬಾರ್‌ಕೋಡ್ ಎಂದು ಒಪ್ಪಿಕೊಂಡಿದ್ದಾರೆ, ನಿಜ. ಆದರೆ ಬಾರ್‌ಕೋಡು ಹೇಳುವುದು ಸಂಗ್ರಹದಲ್ಲಿ ಆಗಲೇ ಇರುವುದರೊಂದಿಗೆ ಎಷ್ಟು ಹೋಲಿಕೆ ಇದೆ ಎಂಬುದನ್ನು ಮಾತ್ರ. ನಮ್ಮ ಘಟ್ಟದ ಪ್ರಭೇದ ಅಲ್ಲಿ ಇಲ್ಲದಿದ್ದರೆ ಅದು ದೂರದ ನೆಂಟನ ಹೆಸರನ್ನು ತೋರಿಸುತ್ತದೆ, ಅವಸರದವರು ಅದನ್ನೇ ಬರೆದುಬಿಡುತ್ತಾರೆ. ಅಲ್ಲದೆ ಅಡಿಕೆಯ ಎಲೆಚುಕ್ಕಿ ರೋಗದಲ್ಲಿ ಕಾಣುವ ಕೊಲೆಟೋಟ್ರೈಕಮ್‌ನಂಥ ಕುಲಗಳಲ್ಲಿ ಐಟಿಎಸ್ ಒಂದೇ ಸಾಲದು, ಇನ್ನೂ ಹಲವು ಜೀನುಗಳನ್ನು ನೋಡದೆ ಪ್ರಭೇದವನ್ನು ಬೇರ್ಪಡಿಸಲಾಗದು. ಎರಡೂ ವಿದ್ಯೆ ಬೇಕು: ಕಣ್ಣಿನದ್ದೂ, ಜೀನಿನದ್ದೂ.

ನನ್ನ ಸಲಹೆ ಇಷ್ಟು. ವಿಶ್ವವಿದ್ಯಾಲಯದ ಹೆಸರನ್ನು ನೋಡಿ ಸೇರಬೇಡಿ, ಮಾರ್ಗದರ್ಶಕರ ಅಲಮಾರನ್ನು ನೋಡಿ ಸೇರಿ. ಅವರ ಹಳೆಯ ಮಾದರಿಗಳು ಕ್ರಮಸಂಖ್ಯೆಯೊಂದಿಗೆ ಸಿಗುತ್ತವೆಯೇ, ಕಲ್ಚರ್‌ಗಳನ್ನು ಪುಣೆಯ ಅಥವಾ ಚಂಡೀಗಢದ ಕಲ್ಚರ್ ಸಂಗ್ರಹಕ್ಕೆ ಕಳುಹಿಸಿ ಠೇವಣಿ ಇಟ್ಟಿದ್ದಾರೆಯೇ ಎಂದು ವಿಚಾರಿಸಿ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಹೊಸ ಪ್ರಭೇದ ಸಿಕ್ಕಿದರೆ ಅದನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಇಡಲೇಬೇಕು. ಇದನ್ನು ಕಡೆಗಣಿಸುವ ಪ್ರಯೋಗಾಲಯದಲ್ಲಿ ಕಲಿತದ್ದನ್ನು ಆಮೇಲೆ ಮರೆಯಬೇಕಾಗುತ್ತದೆ. ಜೊತೆಗೆ, ಎಲ್ಲ ಶಿಲೀಂಧ್ರಗಳನ್ನೂ ಕಲಿಯುತ್ತೇನೆ ಎಂಬ ಆಸೆಯನ್ನು ಎಂಎಸ್ಸಿಯಲ್ಲಿಯೇ ಬಿಟ್ಟು ಒಂದು ಗುಂಪನ್ನು ಹಿಡಿಯಲಿ, ಆ ಗುಂಪು ಯಾವುದಾದರೂ ಬೆಳೆಗೋ ರೋಗಕ್ಕೋ ಉದ್ಯಮಕ್ಕೋ ತಾಗುವಂಥದ್ದಾಗಿದ್ದರೆ ಅನ್ನಕ್ಕೆ ದಾರಿಯಾಗುತ್ತದೆ. ನಾನು ಈಗ ಜೈವಿಕ ಗೊಬ್ಬರ ತಯಾರಿಸುವ ಒಂದು ಕಂಪೆನಿಯಲ್ಲಿದ್ದೇನೆ; ಚೀಲದ ಮೇಲೆ ಬರೆದ ಟ್ರೈಕೊಡರ್ಮ ಎಂಬ ಶಿಲೀಂಧ್ರ ಚೀಲದ ಒಳಗೂ ಇದೆಯೇ ಎಂದು ನೋಡುವುದು ನನ್ನ ಕೆಲಸ. ನೊರೆಯ ನಕ್ಷತ್ರಗಳು ಭಾನುವಾರಕ್ಕೆ.


ಪೆಟ್ರಿ ತಟ್ಟೆ, ಮಣಿಪಾಲ:

ತೋಡಿನ ನೊರೆ ಅಕ್ಕ ಬರೆದದ್ದಕ್ಕೆ ಒಂದು ಸೇರ್ಪಡೆ. ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಶಿಲೀಂಧ್ರ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಕ್ಯಾಂಡಿಡಾ ಆರಿಸ್ ಎಂಬ ಯೀಸ್ಟನ್ನು 2009ರಲ್ಲಿ ಜಪಾನಿನಲ್ಲಿ ರೋಗಿಯೊಬ್ಬರ ಕಿವಿಯಿಂದ ತೆಗೆದು ಹೆಸರಿಟ್ಟರು. ಅದಾದ ಮೇಲೆಯೂ ಹಲವು ವರ್ಷ ಆಸ್ಪತ್ರೆಗಳ ಯಂತ್ರಗಳು ಅದನ್ನು ಕ್ಯಾಂಡಿಡಾ ಹೀಮುಲೋನಿ ಎಂದೇ ತೋರಿಸುತ್ತಿದ್ದವು, ಏಕೆಂದರೆ ಯಂತ್ರದ ಪಟ್ಟಿಯಲ್ಲಿ ಹೊಸ ಹೆಸರು ಸೇರಿರಲಿಲ್ಲ. ಇಂಥ ಸೋಂಕಿಗೆ ಸಾಮಾನ್ಯವಾಗಿ ಕೊಡುವ ಫ್ಲುಕೊನಜೋಲ್ ಎಂಬ ಮದ್ದು ಆರಿಸ್‌ಗೆ ಹೆಚ್ಚಾಗಿ ನಾಟುವುದಿಲ್ಲ ಮತ್ತು ಅದು ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹರಡುತ್ತದೆ. ಆದ್ದರಿಂದ ಇಲ್ಲಿ ಹೆಸರು ತಪ್ಪುವುದು ಪರೀಕ್ಷೆಯಲ್ಲಿ ಒಂದು ಅಂಕ ಹೋಗುವಂಥ ತಪ್ಪಲ್ಲ. 2021ರಲ್ಲಿ ಕಪ್ಪು ಶಿಲೀಂಧ್ರ ಎಂದು ಊರೆಲ್ಲ ಭಯ ಹುಟ್ಟಿದಾಗ, ಆ ರೋಗ ತರುವ ಮ್ಯೂಕರ್ ಗುಂಪಿನ ಅಗಲವಾದ ಎಳೆಗಳನ್ನೂ ಆಸ್ಪರ್ಜಿಲಸ್ ಎಂಬ ಬೇರೊಂದು ಬೂಷ್ಟಿನ ಎಳೆಗಳನ್ನೂ ಕಣ್ಣಿನಲ್ಲಿಯೇ ಬೇರೆ ಮಾಡಬಲ್ಲವರು ಬೇಕಾಗಿದ್ದರು, ಮತ್ತು ಅಂಥವರು ಸಾಕಷ್ಟು ಮಂದಿ ಇರಲಿಲ್ಲ. ವೈದ್ಯಕೀಯ ಶಿಲೀಂಧ್ರಶಾಸ್ತ್ರವೂ ನಿಮ್ಮ ಮಗಳ ಮುಂದಿರುವ ಒಂದು ದಾರಿ. ಅಣಬೆಯಷ್ಟು ಚಂದ ಇಲ್ಲ, ಅಷ್ಟೇ.


ತೋಟದಮನೆ, ಕಾರ್ಕಳ:

ಮೂವರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಇದನ್ನೆಲ್ಲ ಮಗಳಿಗೆ ಓದಿ ಹೇಳಿದೆ. ಸಂಬಳದ ಭಾಗದಲ್ಲಿ ಅವಳು ಸುಮ್ಮನಿದ್ದಳು, ನೊರೆಯ ಭಾಗದಲ್ಲಿ ಎದ್ದು ಕುಳಿತಳು. ಇದರಿಂದಲೇ ನನಗೆ ಉತ್ತರ ಸಿಕ್ಕಿತು ಎನ್ನಬೇಕು. ಅವಳದ್ದು ಎರಡು ಪ್ರಶ್ನೆಗಳಿವೆ. ಮನೆಯಲ್ಲಿ ಸೂಕ್ಷ್ಮದರ್ಶಕವಿಲ್ಲದೆ ಈ ಮಳೆಗಾಲದಲ್ಲಿ ಉಪಯೋಗಕ್ಕೆ ಬರುವ ಯಾವ ಕೆಲಸವನ್ನು ಮಾಡಬಹುದು? ಮೊದಲ ಮಳೆಗೆ ಪೇಟೆಗೆ ಬರುವ ಕಲ್ಲಣಬೆಯನ್ನು ಎಲ್ಲರೂ ತಿನ್ನುವುದರಿಂದ ಅದರ ಬಗ್ಗೆ ತಿಳಿಯಬೇಕಾದದ್ದು ಏನಾದರೂ ಉಳಿದಿದೆಯೇ?


ಹಳೆಯ ಮಾಸ್ಟ್ರು, ಉಡುಪಿ:

ಕಲ್ಲಣಬೆ ಅಸ್ಟ್ರೇಯಸ್ ಎಂಬ ಕುಲಕ್ಕೆ ಸೇರಿದ್ದು. ಬಹುಕಾಲ ಲೋಕದ ಯಾವ ಮೂಲೆಯಲ್ಲಿ ಸಿಕ್ಕಿದರೂ ಅದನ್ನು ಅಸ್ಟ್ರೇಯಸ್ ಹೈಗ್ರೊಮೆಟ್ರಿಕಸ್ ಎಂದೇ ಕರೆದರು. 2000ದ ದಶಕದಲ್ಲಿ ಥಾಯ್ಲೆಂಡಿನ ಮಾದರಿಗಳನ್ನು ಕೂಲಂಕಷವಾಗಿ ನೋಡಿದಾಗ ಒಂದು ಹೆಸರಿನ ಕೆಳಗೆ ಹಲವು ಪ್ರಭೇದಗಳು ಅಡಗಿದ್ದವೆಂದು ತಿಳಿಯಿತು. ಎಲ್ಲರೂ ತಿನ್ನುತ್ತಾರೆ ಎಂಬುದಕ್ಕೂ ಎಲ್ಲರಿಗೂ ಗೊತ್ತಿದೆ ಎಂಬುದಕ್ಕೂ ಸಂಬಂಧವಿಲ್ಲ.


ತೋಡಿನ ನೊರೆ, ಮಂಗಳೂರು:

ಮನೆಯ ಸುತ್ತಲಿನ ಒಂದೆಕರೆ ಜಾಗವನ್ನು ಗುರುತು ಮಾಡಿಕೊಂಡು ಜೂನ್‌ನಿಂದ ನವೆಂಬರ್ ತನಕ ವಾರಕ್ಕೊಮ್ಮೆ ಅದನ್ನೇ ಸುತ್ತಲಿ. ಹತ್ತು ಊರು ತಿರುಗಿ ನೂರು ಅಣಬೆ ತಂದವರು ಬಹಳ ಮಂದಿ ಇದ್ದಾರೆ, ಒಂದೇ ಜಾಗದಲ್ಲಿ ಯಾವುದು ಯಾವ ವಾರ ಎದ್ದಿತು ಎಂದು ಬರೆದಿಟ್ಟವರು ಕಡಿಮೆ. ಕೀಳುವ ಮೊದಲು ಇದ್ದಲ್ಲಿಯೇ ಫೋಟೋ ತೆಗೆಯಬೇಕು. ಬುಡವನ್ನು ಮಣ್ಣಿನೊಳಗಿನಿಂದ ಪೂರ್ತಿಯಾಗಿ ಎತ್ತಬೇಕು, ಏಕೆಂದರೆ ವಿಷದ ಅಮಾನಿಟಾಗಳ ಗುರುತಾದ ಚೀಲ ಅಲ್ಲೇ ಇರುತ್ತದೆ. ಬಣ್ಣ, ವಾಸನೆ, ಕತ್ತರಿಸಿದಾಗ ಬಣ್ಣ ಬದಲಾಗುವ ಬಗೆ, ಇವು ಒಣಗಿದ ಮೇಲೆ ಉಳಿಯುವುದಿಲ್ಲವಾದ್ದರಿಂದ ಅಂದೇ ಬರೆಯಬೇಕು. ಪುಡಿಯ ಬಣ್ಣ ನೋಡುವ ಅಭ್ಯಾಸ ಅವಳಿಗೆ ಇದ್ದೇ ಇದೆ. ಹುಲ್ಲಿನ ಅಂಗಳದಲ್ಲಿ ಏಳುವ ದೊಡ್ಡ ಬಿಳಿ ಅಣಬೆ ಹಸುರು ಪುಡಿ ಉದುರಿಸಿದರೆ ಅದು ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್, ತಿಂದವರನ್ನು ವಾಂತಿಭೇದಿಯಿಂದ ಮಲಗಿಸುತ್ತದೆ. ಗುರುತಿಸಲು ತಂದದ್ದು ಯಾವುದೂ ಅಡುಗೆಮನೆಗೆ ಹೋಗಬಾರದು ಎಂದು ಮನೆಯವರಿಗೆಲ್ಲ ಮೊದಲೇ ಹೇಳಿಡಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ದೊಡ್ಡ ತೊಡಕು ಒಣಗಿಸುವುದು. ಬಿಸಿಲಿಲ್ಲ, ಗಾಳಿಯಲ್ಲಿಯೂ ನೀರು. ಅಣಬೆಯ ಮೇಲೆ ಇನ್ನೊಂದು ಬೂಷ್ಟು ಬೆಳೆದು ಮಾದರಿ ಹಾಳಾಗುತ್ತದೆ. ಸುಮಾರು 40ರಿಂದ 45 ಡಿಗ್ರಿ ಬಿಸಿಯಲ್ಲಿ ಗಾಳಿಯಾಡುವಂತೆ ಒಂದು ರಾತ್ರಿ ಇಟ್ಟರೆ ಸಾಕು, ಅದಕ್ಕಿಂತ ಹೆಚ್ಚಾದರೆ ಬೆಂದುಹೋಗುತ್ತದೆ. ನಿಮ್ಮಲ್ಲಿ ಅಡಿಕೆ ಒಣಗಿಸುವ ಡ್ರೈಯರ್ ಇದ್ದರೆ ಅದರ ಅಂಚಿನಲ್ಲಿ ಒಂದು ಥರ್ಮಾಮೀಟರ್ ಇಟ್ಟು ನೋಡಿ. ಗರಿಗರಿಯಾದ ಮೇಲೆ ಕಾಗದದ ಲಕೋಟೆಯಲ್ಲಿ ಹಾಕಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಬಹುದು. ಲಕೋಟೆಯ ಮೇಲೆ ದಿನಾಂಕ, ಜಾಗ, ಸಂಖ್ಯೆ ಇಲ್ಲದಿದ್ದರೆ ಒಳಗಿರುವುದು ಮಾದರಿಯಲ್ಲ, ಕಸ.

ಕಲ್ಲಣಬೆಯ ಬಗ್ಗೆ: ಅದು ಮರದ ಬೇರಿನೊಂದಿಗೆ ಕೂಡಿ ಬಾಳುವ ಶಿಲೀಂಧ್ರ, ಆದ್ದರಿಂದ ಹತ್ತಿರದ ಮರದ ಹೆಸರಿಲ್ಲದ ಮಾದರಿ ಅರ್ಧ ಮಾದರಿ. ಪೇಟೆಯಲ್ಲಿ ಕೊಂಡದ್ದಕ್ಕೆ ಆ ಹೆಸರು ಸಿಗುವುದಿಲ್ಲ. ಗುಡ್ಡದಲ್ಲಿ ಅದು ಏಳುವ ಜಾಗ ಬಲ್ಲ ಹಿರಿಯರು ನಿಮ್ಮ ಊರಿನಲ್ಲಿ ಇದ್ದೇ ಇರುತ್ತಾರೆ, ಆ ಜಾಗವನ್ನು ಮಾತ್ರ ಅವರು ಯಾರಿಗೂ ಹೇಳುವುದಿಲ್ಲ. ಮಗಳು ಜಾಗ ಕೇಳುವುದು ಬೇಡ. ಅಲ್ಲಿ ಇರುವುದು ಬೋಗಿ ಮರವೋ, ಬೇರೆ ಮರವೋ ಎಂದಷ್ಟೇ ಕೇಳಲಿ, ಮತ್ತು ಅವರು ತುಳುವಿನಲ್ಲಿ ಹೇಳಿದ ಹೆಸರನ್ನು ಹೇಳಿದ ಹಾಗೆಯೇ ಲಕೋಟೆಯ ಮೇಲೆ ಬರೆಯಲಿ. ನವೆಂಬರಿನಲ್ಲಿ ಡಬ್ಬಿಯನ್ನು ತೆಗೆದುಕೊಂಡು ಮಂಗಳೂರಿಗೆ ಬಂದರೆ ಒಂದು ಭಾನುವಾರ ನನ್ನ ಸೂಕ್ಷ್ಮದರ್ಶಕವನ್ನು ಅವಳಿಗೆ ಬಿಟ್ಟುಕೊಡುತ್ತೇನೆ.